ಕಂಬಿಗೆ ತಾಗಿಸದ ಕೈ

ನನ್ನ ಸೋದರಮಾವನನ್ನು ಕಟ್ಟಡದ ಕೆಲಸದವರೆಲ್ಲ ಕೆಪ್ಪಣ್ಣ ಎಂದೇ ಕರೆಯುವುದು. ಕರೆದದ್ದು ಅವನಿಗೆ ಕೇಳಿಸುವುದಿಲ್ಲ, ಅದೊಂದು ಪುಣ್ಯ. ಇಪ್ಪತ್ತೆರಡು ವರ್ಷ ವೈಬ್ರೇಟರ್ ಹಿಡಿದು ಹಿಡಿದು ಎರಡೂ ಕಿವಿ ಹೋದವು; ಈಗ ಕಿವಿಗೇ ಬಾಯಿಟ್ಟು ಹೇಳಿದರೆ ಮಾತ್ರ ಅಷ್ಟಿಷ್ಟು ಕೇಳಿಸುತ್ತದೆ. ಅಷ್ಟು ವರ್ಷದಲ್ಲಿ ಎಷ್ಟು ಜನ ಗುತ್ತಿಗೆದಾರರು ಬಂದುಹೋದರೋ, ಒಬ್ಬ ಮಹಾನುಭಾವನಾದರೂ ಕಿವಿಗಿಟ್ಟುಕೊಳ್ಳಲು ಎರಡು ಉಂಡೆ ಹತ್ತಿ ಕೊಡಲಿಲ್ಲ. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಾನು ಅವನ ಜೊತೆಯಲ್ಲೇ ಕಾಂಕ್ರೀಟು ಸುರಿಯಲು ಸೆಂಟ್ರಿಂಗ್ ಹಲಗೆ ಹೊಡೆಯುವವನು. ಸುರಿದ ಕಾಂಕ್ರೀಟಿನ ಗಾಳಿಗುಳ್ಳೆ ಹೋಗಿ ಗಟ್ಟಿಯಾಗಿ ಕೂರಲಿ ಎಂದು ಅದರೊಳಗೆ ಇಳಿಸಿ ಅದುರಿಸುವ ಉದ್ದನೆಯ ಕೊಳವೆಯೇ ಈ ವೈಬ್ರೇಟರ್. ಹಸಿ ಕಾಂಕ್ರೀಟಿನೊಳಗೆ ಇದ್ದಷ್ಟು ಹೊತ್ತು ಸುಮ್ಮನೆ ಗುಂಯ್ ಎನ್ನುತ್ತದೆ. ಒಳಗಿನ ಕಬ್ಬಿಣದ ಕಂಬಿಗೆ ತಾಗಿತೋ, ಕಟ್ಟಡಕ್ಕೆ ಕಟ್ಟಡವೇ ಕಿರುಚುತ್ತದೆ, ಪಕ್ಕದ ಮನೆಯ ಪಾತ್ರೆಗಳೂ ಅದುರುತ್ತವೆ. ಮಾವ ತಾಗಿಸುವವನೇ ಅಲ್ಲ. ಬಲಗೈಯಲ್ಲಿ ಕೊಳವೆ, ಎಡ ಅಂಗೈ ಕಂಬಿಯ ಮೇಲೆ. ಕಂಬಿ ಜುಮ್ಮೆಂದರೆ ಸಾಕು, ಕೊಳವೆ ಪಕ್ಕಕ್ಕೆ ಸರಿಯುತ್ತದೆ. ಸದ್ದು ತಗ್ಗಲಿ ಎಂದು ಮೋಟರಿನ ಕೆಳಗೆ ಮರಳುಚೀಲ ಹಾಸುವುದನ್ನೂ ಅವನು ಒಂದು ದಿನ ಮರೆತವನಲ್ಲ.

ಗೋಡೆಯಾಚೆ ಒಬ್ಬ ನರ್ಸಮ್ಮ ಇದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಎರಡರವರೆಗೆ ಮಲಗುವವರು. ಕೆಲಸ ಶುರುವಾದ ದಿನವೇ ಬಂದು ಹೇಳಿಕೊಂಡರು. ಇಂಜಿನಿಯರ್ ಫೋನಿನಿಂದ ತಲೆ ಎತ್ತಲಿಲ್ಲ. ನಾನು ಮಾವನಿಗೆ ತಿಳಿಸಿದೆ. ಅಂದಿನಿಂದ ಅವರ ಕಡೆಯ ಕಂಬಗಳನ್ನು ಅವನು ಎರಡು ಗಂಟೆಯ ಮೇಲೇ ಮುಟ್ಟುತ್ತಿದ್ದ.

ಹನ್ನೊಂದನೆಯ ದಿನ ಬೆಳಿಗ್ಗೆ ಇಂಜಿನಿಯರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಏನಿದು, ಸದ್ದೇ ಇಲ್ಲ? ಕೆಲಸ ಮಾಡ್ತಿದಾನೋ ತೂಕಡಿಸ್ತಿದಾನೋ?”

“ಸದ್ದು ಬಂದ್ರೇನೇ ಕೆಲಸ ಕೆಟ್ಟಿದೆ ಅಂತ, ಸಾರ್. ಗುಳ್ಳೆ ಬರೋದು ನಿಂತಿದೆ, ನೋಡಿ,” ಎಂದೆ.

“ನಂಗೇ ಪಾಠ ಹೇಳ್ಬೇಡ. ಕೆಪ್ಪನ ಕೈಗೆ ಮಷೀನ್ ಕೊಟ್ರೆ ಇನ್ನೇನಾಗುತ್ತೆ. ನಾಳೆಯಿಂದ ಬರೋದು ಬೇಡ ಅಂತ ಹೇಳು ಅವನಿಗೆ.”

ಇಪ್ಪತ್ತೆರಡು ವರ್ಷಕ್ಕೆ ಸಿಕ್ಕ ಮರ್ಯಾದೆ ಇದು. ವೈಬ್ರೇಟರ್ ಕಸಿದು ಜಲ್ಲಿ ಹೊರುವವನ ಕೈಗೆ ಕೊಟ್ಟ, ನರ್ಸಮ್ಮನ ಕಡೆಯ ಕಂಬಕ್ಕೆ ಈಗಲೇ ಸುರಿಯಿರಿ ಎಂದ. ಆ ಪಾಪದವನಿಗೇನು ಗೊತ್ತು, ಕೊಳವೆಯನ್ನು ಕಂಬಿಗೇ ಒತ್ತಿ ಹಿಡಿದ. ಕಟ್ಟಡ ಕಿರುಚಿತು. “ಇದಪ್ಪಾ ಕೆಲಸ ಅಂದ್ರೆ,” ಎಂದು ಇಂಜಿನಿಯರ್ ತಲೆದೂಗಿದ. ಮಾವ ಕಂಬಿಯ ಮೇಲೆ ಅಂಗೈಯಿಟ್ಟ, ಕೈ ಸುಟ್ಟುಕೊಂಡವನಂತೆ ಹಿಂದಕ್ಕೆ ಎಳೆದುಕೊಂಡ.

ಹತ್ತು ನಿಮಿಷದಲ್ಲಿ ನರ್ಸಮ್ಮ ಕೆದರಿದ ತಲೆಯಲ್ಲೇ ಬಂದರು. ಇಂಜಿನಿಯರ್ ಮಾವನ ಕಡೆ ಬೆರಳು ತೋರಿಸಿದ. “ಇವನಿಗೆ ಕಿವಿ ಕೇಳಲ್ಲ ಮೇಡಂ, ಅದಕ್ಕೇ ಇಷ್ಟು ಗಲಾಟೆ. ಕೆಲಸದಿಂದ ತೆಗೆದಿದೀನಿ.”

ಹಸಿ ಸುಳ್ಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು.

“ಎದ್ದ ಮೇಲೆ ನಾನು ಕಿಟಕಿಯಿಂದ ದಿನಾ ನೋಡ್ತೀನಲ್ಲ. ಹತ್ತು ದಿನ ಆ ಮಷೀನ್ ಇವರ ಕೈಲಿತ್ತು, ಹತ್ತು ದಿನವೂ ನಿದ್ದೆ ಮಾಡಿದೀನಿ. ಇವತ್ತು ಯಾರ ಕೈಗೆ ಕೊಟ್ರಿ? ಮಾಲೀಕರಿಗೇ ಫೋನ್ ಮಾಡಿ ಕೇಳ್ಲಾ?”

ಇಂಜಿನಿಯರ್ ಕಣ್ಣಲ್ಲೇ ಸನ್ನೆ ಮಾಡಿದ, ಪಕ್ಕದಲ್ಲಿದ್ದ ಮೇಸ್ತ್ರಿ ವೈಬ್ರೇಟರ್ ತಂದು ಮಾವನ ಕೈಗಿಟ್ಟ. ತಪ್ಪಾಯಿತು ಎಂಬ ಒಂದು ಮಾತಿಲ್ಲ.

ಮಾವ ನನ್ನ ಭುಜ ತಟ್ಟಿದ. “ಏನಂದ್ರೋ ಆ ಅಮ್ಮ?”

ಕಿವಿಗೆ ಬಾಯಿಟ್ಟು ಹೇಳಿದ್ದರೆ ಸಾಕಿತ್ತು. ಇಂಜಿನಿಯರಿಗೆ ಇನ್ನೊಮ್ಮೆ ಕೇಳಿಸಲಿ ಎಂದೇ ಗಂಟಲು ಹರಿಯುವಂತೆ ಕೂಗಿ ಹೇಳತೊಡಗಿದೆ.

ಮಾವ ಸಿಮೆಂಟು ಮೆತ್ತಿದ ಅಂಗೈಯಿಂದ ನನ್ನ ಬಾಯಿ ಮುಚ್ಚಿದ.

“ಮೆತ್ತಗೆ ಹೇಳೋ,” ಎಂದ. “ಅವರು ಹೋಗಿ ಮಲಗ್ಲಿ.”