ಕ್ಯಾಮೆರಾಕ್ಕೆ ತೋರಿಸದ ಕಾಲು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಆ ವಿಡಿಯೊ ಕರೆಯ ಗುರುತು ನನ್ನ ಫೋನಿನಲ್ಲಿ ಇನ್ನೂ ಇದೆ. ಆರು ನಿಮಿಷ ಮಾತಾಡಿದ್ದೇವೆ. ಅಳಿಸಲು ಕೈ ಬಂದಿಲ್ಲ.

ಅಂದು ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದಿತ್ತು. ಯಲ್ದೂರಿನಿಂದ ಒಳಗಿರುವ ನಮ್ಮೂರಿನಲ್ಲಿ ಅಂಥ ದಿನ ಯಾರೂ ಮನೆ ಬಿಟ್ಟು ಹೋಗುವುದಿಲ್ಲ. ಗೂಡು ಕಟ್ಟಲು ಶುರುಮಾಡುವ ಮೊದಲು ಹುಳುಗಳನ್ನೆಲ್ಲ ಆರಿಸಿ ಬಿದಿರಿನ ದೊಡ್ಡ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಎಂಟು ತಿಂಗಳ ಬಸುರಿ, ಅವಳೂ ಕೂತು ಆರಿಸುತ್ತಿದ್ದಳು. ಎರಡು ದಿನದಿಂದ ತಲೆನೋವು ಅಂದಳು. ಶ್ರೀನಿವಾಸಪುರದ ಆಸ್ಪತ್ರೆಗೆ ಹೋಗಿ ಬಂದರೆ ಅರ್ಧ ದಿನ ಕಳೆಯುತ್ತದೆ. "ಫೋನಲ್ಲೇ ಡಾಕ್ಟ್ರು ಸಿಕ್ತಾರೆ, ಬಾ" ಎಂದವಳು ನಾನೇ. ಡಾಕ್ಟರಿಗೆ ವಿಡಿಯೊ ಕರೆ ಮಾಡುವ ಆ್ಯಪನ್ನು ಬಳಸಲು ಊರಿನವರಿಗೆಲ್ಲ ಹೇಳಿಕೊಟ್ಟವಳೂ ನಾನೇ. ಆ ಹೆಮ್ಮೆ ಇತ್ತು.

ಅತ್ತಿಗೆ ಮುಖ ತೊಳೆದು, ಸೀರೆ ಬದಲಿಸಿ, ಕುಂಕುಮ ಇಟ್ಟುಕೊಂಡು ಬಂದಳು.

"ಏನಿದು, ಹೆಣ್ಣು ನೋಡೋ ಶಾಸ್ತ್ರಾನಾ?" ಹುಳುಮನೆಯಿಂದ ಅಣ್ಣ ಕೂಗಿದ.

"ನೀವು ಹುಳ ನೋಡ್ಕೊಳ್ಳಿ ಸಾಕು" ಎಂದಳು ಅತ್ತಿಗೆ.

ನೆಟ್‌ವರ್ಕ್ ಚೆನ್ನಾಗಿತ್ತು. ಡಾಕ್ಟರು ಕಂಡ ಕೂಡಲೇ ಅವಳು ಕೈಮುಗಿದಳು. ಬಿಪಿ ಯಾವಾಗ ನೋಡಿಸಿದ್ದು ಎಂದು ಅವರು ಕೇಳಿದರು. ಹದಿನೈದು ದಿನದ ಹಿಂದೆ, ಸರಿಯಾಗಿತ್ತು ಎಂದೆ.

"ಕಾಲು ಸ್ವಲ್ಪ ತೋರಿಸಮ್ಮ."

ನಾನು ಫೋನ್ ಕೆಳಗಿಳಿಸಹೋದೆ. ಅತ್ತಿಗೆ ಎರಡೂ ಕಾಲು ಸೀರೆಯೊಳಗೆ ಎಳೆದುಕೊಂಡಳು. ಬಾಗಿಲಲ್ಲಿದ್ದ ಅಮ್ಮ "ವದ್ದು, ವದ್ದು" ಎಂದು ತೆಲುಗಿನಲ್ಲೇ ಬೇಡವೆಂದಳು. ದೇವರ ಫೋಟೊ ಇರುವ ಕಡೆಗೂ ಕಾಲು ಚಾಚದೆ ಬೆಳೆದವರು ನಾವು.

"ಅಷ್ಟು ದೊಡ್ಡೋರ ಮುಖಕ್ಕೆ ಕಾಲು ಹಿಡೀತಾರೇನೇ? ಇದಕ್ಕೇನಾ ನೀನು ಬಿ.ಕಾಂ. ಓದಿದ್ದು?" ಅತ್ತಿಗೆ ಪಿಸುಗುಟ್ಟಿದಳು. ನನಗೆ ನಗು ಬಂತು.

"ಊದಿದ್ಯಾ?" ಡಾಕ್ಟರು ಮತ್ತೆ ಕೇಳಿದರು.

"ಇಲ್ಲ ಸಾರ್" ಎಂದೆ. ನಾನು ನೋಡಿರಲಿಲ್ಲ.

"ಊದಿದ್ರೆ ಈಗಲೇ ಆಸ್ಪತ್ರೆಗೆ ಹೋಗಿ ಅಂತಿದ್ದೆ. ಮಲಗಿ ರೆಸ್ಟ್ ತಗೊಳ್ಳಿ. ನಾಳೆ ತಪ್ಪದೆ ಬಿಪಿ ನೋಡಿಸಿ."

ಅವಳು ಮಲಗಲಿಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ ಚಂದ್ರಿಕೆಯ ಮೇಲೇ ಬಿದ್ದಳು. ಹಲ್ಲು ಕಚ್ಚಿಕೊಂಡಿತ್ತು, ಮೈ ಸೆಟೆದು ಅದುರುತ್ತಿತ್ತು. ಆಂಬುಲೆನ್ಸಿನಲ್ಲಿ ನಾನು ಅವಳ ಕಾಲ ಬಳಿ ಕೂತೆ. ಆಗ ನೋಡಿದೆ. ಕಾಲುಂಗುರ ಮಾಂಸದೊಳಗೆ ಹೂತಿತ್ತು. ಹೆಬ್ಬೆರಳಿನಿಂದ ಒತ್ತಿದ ಕಡೆ ಬಿದ್ದ ಗುಳಿ ಹಾಗೇ ಉಳಿಯಿತು. ಅವಳ ಸೆರಗಿಗೆ ಅಂಟಿಕೊಂಡಿದ್ದ ಒಂದು ಹುಳು ಶ್ರೀನಿವಾಸಪುರ ತಲುಪುವ ಮೊದಲೇ ನೂಲು ಬಿಡತೊಡಗಿತ್ತು.

ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟು ಕೋಲಾರಕ್ಕೆ ಕಳಿಸಿದರು. ಬಿಪಿ ವಿಪರೀತ ಏರಿ ಫಿಟ್ಸ್ ಬಂದಿದೆ ಎಂದರು. ಅತ್ತಿಗೆ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು. ತಲೆ ತುಂಬ ಕೂದಲಿತ್ತು.

ಅತ್ತಿಗೆಗೆ ಆ ದಿನದ್ದು ಒಂದೂ ನೆನಪಿಲ್ಲ. ಮನೆಗೆ ಬಂದ ಮೇಲೆ ಕೇಳಿದಳು: "ಫೋನಲ್ಲಿ ಡಾಕ್ಟ್ರು ಏನಂದ್ರೇ?"

ನಾನು ಎಲ್ಲವನ್ನೂ ಹೇಳಿದೆ, ನನ್ನ "ಇಲ್ಲ ಸಾರ್" ಸಮೇತ. ಅವಳು ತನ್ನ ಪಾದ ನೋಡಿಕೊಂಡಳು. "ನಾನೇ ಮುಚ್ಕೊಂಡ್ನಲ್ಲ ಕಣೇ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆಮೇಲಿನ ರಾತ್ರಿಗಳಲ್ಲಿ ಅವಳಿಗೆ ಎದೆಹಾಲು ಕಟ್ಟಿ ನಿದ್ದೆಯಿಲ್ಲ, ಅವಳ ಉಸಿರು ಕೇಳುತ್ತಾ ನನಗೂ ಇಲ್ಲ.

ಎರಡು ತಿಂಗಳಾದ ಮೇಲೆ ಅತ್ತಿಗೆಯ ಬಿಪಿ ಮಾತ್ರೆ ಮುಂದುವರಿಸಬೇಕೇ ಎಂದು ಕೇಳಲು ಅದೇ ಡಾಕ್ಟರಿಗೆ ಕರೆ ಮಾಡಬೇಕಾಯಿತು. "ಸಾರ್, ಅವತ್ತು ನೋಡದೆ ಹೇಳ್ಬಿಟ್ಟೆ" ಎಂದೆ. ಅವರು ಏನಾದರೂ ಹೇಳುವ ಮೊದಲೇ ಅತ್ತಿಗೆ ಎದುರಿಗೊಂದು ಕುರ್ಚಿ ಎಳೆದು, ಸೀರೆ ಮೇಲೆತ್ತಿ, ಎರಡೂ ಕಾಲು ಅದರ ಮೇಲಿಟ್ಟಳು.

"ಸಾರ್, ಮೊದ್ಲು ಕಾಲು ನೋಡಿ."

ಅಮ್ಮ ಬಾಗಿಲಲ್ಲೇ ಇದ್ದಳು. ತಡೆಯಲಿಲ್ಲ. ಡಾಕ್ಟರು ನಿಧಾನವಾಗಿ ನೋಡಿದರು. ಒತ್ತಿ ತೋರಿಸಲು ಹೇಳಿದರು. ನಾನು ಒತ್ತಿದೆ. ಗುಳಿ ಬೀಳಲಿಲ್ಲ.

"ಊತ ಇಲ್ಲಮ್ಮ" ಎಂದರು.

ಅತ್ತಿಗೆ ಕಾಲು ಕೆಳಗಿಟ್ಟು, ಫೋನಿಗೆ ಕೈಮುಗಿದು ಅತ್ತಳು. ಆ ರಾತ್ರಿ, ಎರಡು ತಿಂಗಳಲ್ಲಿ ಮೊದಲ ಬಾರಿಗೆ, ನಾವಿಬ್ಬರೂ ಬೆಳಗಾಗುವವರೆಗೆ ನಿದ್ದೆ ಮಾಡಿದೆವು. ಡೇರಿಗೆ ಹಾಲು ಹಾಕಿ ಬಂದ ಅಮ್ಮ ನಮ್ಮನ್ನು ಎಬ್ಬಿಸಲಿಲ್ಲ.