ಅಪ್ಪನ ಕಾರು ಕತ್ತರಿಸಿದ ದರ್ಜಿ

ಬಟ್ಟೆ ಕತ್ತರಿಸುವುದಷ್ಟೇ ಗೊತ್ತಿದ್ದ ದರ್ಜಿಗೆ, ಮರಳುದಿಬ್ಬಗಳ ಮೇಲೆ ಓಡುವ ಗಾಡಿಯೊಂದನ್ನು ಕೈಯಾರೆ ಕಟ್ಟುವ ಹುಚ್ಚು ಹಿಡಿಯಿತು. ಹೊಸ ಸಾಮಾನು ಕೊಳ್ಳುವ ಶಕ್ತಿಯಿರಲಿಲ್ಲ. ತೀರಿಹೋದ ಅಪ್ಪನ ಕಾರು ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿತ್ತು. ಗ್ಯಾರೇಜಿನಿಂದ ಗ್ಯಾಸ್ ಕಟರ್ ಎರವಲು ತಂದು ಅದರ ಮೇಲ್ಭಾಗವನ್ನು ಕತ್ತರಿಸತೊಡಗಿದ.

ಸುದ್ದಿ ತಿಳಿದ ಅಣ್ಣ ಕಬ್ಬಿಣದ ಸಲಾಕೆ ಹಿಡಿದು ನುಗ್ಗಿದ.

"ಅಪ್ಪನ್ನ ಇನ್ನೊಂದ್ಸಲ ಸಾಯಿಸಿದ್ಯಲ್ಲೋ," ಎಂದವನೇ ಬೀಸಿದ. ದರ್ಜಿಯ ಬಲಗೈ ಮೂಳೆ ಲಟಕ್ಕನೆ ಮುರಿಯಿತು. ಅವನೂ ಬಿಡಲಿಲ್ಲ, ಎಡಗೈಗೆ ಸಿಕ್ಕ ಸ್ಪ್ಯಾನರ್‌ನಿಂದ ಅಣ್ಣನ ಹಲ್ಲು ಉದುರಿಸಿದ. ಸಲಾಕೆ ಮತ್ತೆ ಮೇಲೆದ್ದಾಗ, ನೆಲಕ್ಕೆ ಬಿದ್ದು ಇನ್ನೂ ಉರಿಯುತ್ತಿದ್ದ ಕಟರನ್ನು ಎತ್ತಿಕೊಂಡು ದರ್ಜಿಯ ಹೆಂಡತಿ ಅಡ್ಡ ನಿಂತಳು.

"ಭಾವ, ಇನ್ನೊಂದ್ ಹೆಜ್ಜೆ ಇಟ್ರೆ ಮುಖ ಸುಟ್ಬಿಡ್ತೀನಿ."

ಅಣ್ಣ ಸಲಾಕೆ ಎಸೆದು, ರಕ್ತ ಉಗುಳುತ್ತಾ ಹೊರಟುಹೋದ. ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ದರ್ಜಿಯ ಮೂಳೆ ಕೂಡಿತಾದರೂ ಬೆರಳುಗಳಲ್ಲಿ ಸೂಜಿ ನಿಲ್ಲಲಿಲ್ಲ. ಹೊಲಿಗೆ ಯಂತ್ರಕ್ಕೂ ಗಾಡಿಯ ಬೆಸುಗೆಗೂ ಹೆಂಡತಿಯೇ ಕೂತಳು. ಅವನು ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಿದ್ದ. ಅದರಲ್ಲಿ ಅರ್ಧ ಅವನಿಗೇ ಗೊತ್ತಿರಲಿಲ್ಲ.

ಕೊನೆಗೂ ಗಾಡಿ ಸಿದ್ಧವಾಗಿ ಮರಳಿಗಿಳಿದಾಗ ಸ್ಟಿಯರಿಂಗ್ ಹಿಡಿದವಳೂ ಅವಳೇ.

"ನಿಧಾನ ಕಣೇ, ದಿಬ್ಬ ಕಡಿದಾಗಿದೆ," ಎಂದ.

"ನೀವು ಸುಮ್ನೆ ಗಟ್ಟಿಯಾಗಿ ಹಿಡ್ಕೊಂಡ್ ಕೂತ್ಕೊಳ್ರೀ," ಎಂದು ಅವಳು ವೇಗ ಹೆಚ್ಚಿಸಿದಳು.