ಬಸ್ಸಿನ ಬೋರ್ಡು ಓದಿದ ಗೌರಮ್ಮ

ಗಂಗಾವತಿ ಬಸ್ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಬಸ್ಸಿನ ಮೆಟ್ಟಿಲ ಮೇಲೆ ಒಬ್ಬ ತಾಯಿ ಆಗಲೇ ಒಂದು ಕಾಲಿಟ್ಟಿದ್ದರು. ಹಿಂದಿದ್ದ ಮಗಳು ಅವರ ಸೆರಗು ಹಿಡಿದು ಜಗ್ಗಿ, "ಯವ್ವಾ, ಇಳಿ! ಇದು ಕಾರಟಗಿ ಬಸ್ ಐತಿ, ಕನಕಗಿರಿದಲ್ಲ" ಎಂದು ಕೂಗಿದಳು.

ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ನಾನು ಬೆರಗಾದೆ. ಹದಿನಾಲ್ಕರ ಆ ಹುಡುಗಿ ಗೌರಮ್ಮ ನನ್ನ ವಿದ್ಯಾರ್ಥಿನಿ. ನಾನು ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳ ಶಿಕ್ಷಕಿ. ಎರಡು ವರ್ಷ ಪಾಟಿಯ ಮೇಲೆ ತಿದ್ದಿಸಿದರೂ ಅವಳಿಗೆ ಅಕ್ಷರ ತಲೆಯಲ್ಲಿ ನಿಂತಿರಲಿಲ್ಲ. ಕೊನೆಗೆ ಶಾಲೆಯ ಕಂಪ್ಯೂಟರಿನಲ್ಲಿ ಒಂದು ಆಟ ಮಾಡಿಕೊಟ್ಟೆ. ಕಂಪ್ಯೂಟರು ಹೇಳಿದ ಊರಿನ ಬೋರ್ಡು ಇರುವ ಬಸ್ಸನ್ನು ಆರಿಸಿದರೆ ಅದು ಹಾರ್ನ್ ಹೊಡೆದು ಹೊರಡುತ್ತದೆ. ತಪ್ಪಿದರೆ ಯಾರೂ ಬೈಯುವುದಿಲ್ಲ, ಬಸ್ಸು ಸುಮ್ಮನೆ ಕಾಯುತ್ತದೆ. ಕನಕಗಿರಿ, ಕಾರಟಗಿ ಎರಡನ್ನೂ ಅವಳು ಅದೆಷ್ಟು ಸಲ ಅದಲುಬದಲು ಮಾಡಿದ್ದಳೋ! ಆಟದಲ್ಲಿ ಕಲಿತದ್ದು ಹೊರಗೆ ಉಪಯೋಗಕ್ಕೆ ಬಂದೀತೇ ಎಂಬ ಅನುಮಾನ ನನಗೂ ಇತ್ತು.

"ಹುಡುಗಿ ಖರೇ ಹೇಳ್ತಾಳವ್ವಾ, ಕನಕಗಿರಿ ಬಸ್ಸು ಬಾಜೂಕ ಐತಿ" ಎಂದರು ಕಂಡಕ್ಟರ್. ಕೆಳಗಿಳಿದ ತಾಯಿ ಮಗಳನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನನ್ನು ಕಂಡು ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು: "ನನಗೂ ಓದಾಕ ಬರೂದಿಲ್ರೀ ಅಕ್ಕೋರ. ಯಾವಾಗ್ಲೂ ಯಾರನ್ನರ ಕೇಳೇ ಬಸ್ ಹತ್ತತೀನಿ, ಇವತ್ತ ಗಡಿಬಿಡ್ಯಾಗ ಕೇಳಲಿಲ್ಲ. ಇಕಿ ಮನ್ಯಾಗ ಹೇಳ್ತಿರತಾಳಲ್ಲ, ಆ ಬಸ್ಸಿನ ಆಟ ನನಗೂ ಕಲಸ್ತೀರೇನು?"

ಈಗ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ತಾಯಿ, ಮಗಳು ಒಂದೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಅಲ್ಲಿ ಹೇಳಿಕೊಡುವವಳು ಗೌರಮ್ಮ. ನನಗೆ ಏನೂ ಕೆಲಸವಿಲ್ಲ.